ಫ್ರಿಜ್ಜಿನ ಮೇಲೆ ಮಾವನ ಹಲ್ಲುಗಳು

ಆ ಡಿಜಿಟಲ್ ಫೋಟೋ ಫ್ರೇಮುಗಳನ್ನು ಅಂಗಡಿಯವನು ಜೋಡಿಯಾಗಿ ಮಾತ್ರ ಮಾರುತ್ತಿದ್ದ. ನನಗೆ ಬೇಕಾಗಿದ್ದದ್ದು ಒಂದೇ. ಅಮ್ಮನ ಹಳೆಯ ಫೋಟೋಗಳೆಲ್ಲ ಬಿಸ್ಕತ್ತಿನ ಡಬ್ಬಿಯೊಳಗೆ ಒಂದಕ್ಕೊಂದು ಅಂಟಿಕೊಂಡು, ಯಾರ ಮೂಗು ಯಾರ ಮುಖಕ್ಕೆ ಸೇರಿದ್ದು ಎಂದು ತಿಳಿಯದ ಸ್ಥಿತಿಗೆ ಬಂದಿದ್ದವು. ಅವನ್ನು ಬಿಡಿಸಿ, ಸ್ಕ್ಯಾನ್ ಮಾಡಿಸಿ, ಫ್ರೇಮಿಗೆ ತುಂಬಿ ಕೊಟ್ಟರೆ ಒಬ್ಬಳೇ ಮಗಳು ಏನೋ ಮಾಡಿದಳು ಎನ್ನಿಸಿಕೊಳ್ಳಬಹುದೆಂದು ನನ್ನ ಆಸೆ. ಇನ್ನೊಂದನ್ನು ನಿಮಗೆ ಬೇಕಾದವರಿಗೆ ಕೊಡಿ ಎಂದ ಅಂಗಡಿಯವನು. ಬಸ್ಸಿನಲ್ಲಿ ಕೂತು ನನಗೆ ಬೇಕಾದವರು ಯಾರೆಂದು ಯೋಚಿಸಿದೆ. ನಾಲ್ಕು ಸ್ಟಾಪು ಕಳೆದರೂ ಯಾರೂ ಹೊಳೆಯಲಿಲ್ಲ. ಐದನೆಯದರಲ್ಲಿ ಮಾವ ಹೊಳೆದ.

ಮಾವ ಎಂದರೆ ಅಮ್ಮನ ಒಬ್ಬನೇ ತಮ್ಮ, ಹಲ್ಲಿನ ಸೆಟ್ಟು ಮಾಡುವವನು. ಊರಿನ ಅರ್ಧಕ್ಕರ್ಧ ಡೆಂಟಿಸ್ಟುಗಳು ಬಾಯಿಯ ಅಚ್ಚು ತೆಗೆದು ಅವನಿಗೇ ಕಳಿಸುವುದು. ಅಮ್ಮ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಮೂವತ್ತು ವರ್ಷದಿಂದ ಪರರ ಪಕ್ಕದ ಸೀಟಿನಲ್ಲಿ ಕೂತು, ಪ್ರಾಣವನ್ನು ಅಂಗೈಯಲ್ಲೂ ಗಂಟಲನ್ನು ಏಳನೆಯ ಸ್ವರದಲ್ಲೂ ಹಿಡಿದುಕೊಂಡು ಬದುಕಿದವಳು. ಈ ಅಕ್ಕ ತಮ್ಮ ಮಾತು ಬಿಟ್ಟು ಆರು ವರ್ಷವಾಗಿತ್ತು.

ಜಗಳದ ಮೂಲ ಮನೆಯಲ್ಲ, ಜಮೀನಲ್ಲ, ಕ್ಲಚ್ಚು. ಐವತ್ತರ ಹೊಸ್ತಿಲಲ್ಲಿ ಮಾವನಿಗೆ ಕಾರು ಕಲಿಯುವ ಹುಚ್ಚು ಹತ್ತಿತು. ಅಮ್ಮನೇ ಕಲಿಸಿದಳು. ನಾಲ್ಕು ಸಲ ಪರೀಕ್ಷೆಗೆ ಹೋಗಿ ನಾಲ್ಕು ಸಲವೂ ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸು ಬಂದ. ಐದನೆಯ ಸಲಕ್ಕೆ ಅಭ್ಯಾಸ ಮಾಡುವಾಗ ದೊಡ್ಡ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಕ್ಲಚ್ಚಿನ ಮೇಲಿನ ಕಾಲು ಜಾರಿ ಕಾರು ಆಫ್ ಆಗಿ ನಿಂತಿತು. ಹಿಂದೆ ಹಾರ್ನುಗಳು, ಪಕ್ಕದಲ್ಲಿ ಅಮ್ಮ. ಎರಡರಲ್ಲಿ ಯಾವುದು ಹೆಚ್ಚು ಜೋರಾಗಿತ್ತು ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಮಾವ ಹ್ಯಾಂಡ್‌ಬ್ರೇಕ್ ಎಳೆದ, ಬಾಗಿಲು ತೆಗೆದ, ಇಳಿದ, ನಡೆದುಕೊಂಡು ಮನೆಗೆ ಹೋದ. ಬೀಗದಕೈ ಕಾರಿನಲ್ಲೇ ತೂಗಾಡುತ್ತಿತ್ತು.

ಅಲ್ಲಿಗೇ ಬಿಟ್ಟಿದ್ದರೆ ಹೇಗೋ ತಣ್ಣಗಾಗುತ್ತಿತ್ತು. ಅಮ್ಮ ಅದನ್ನು ಪಾಠಕ್ಕೆ ಸೇರಿಸಿಕೊಂಡಳು. ಹೊಸ ಬ್ಯಾಚು ಬಂದಾಗಲೆಲ್ಲ ಮೊದಲ ದಿನ ‘ಸರ್ಕಲ್ಲಿನಲ್ಲಿ ಇಳಿದು ಹೋದವನ’ ಪ್ರಸಂಗ. ಹೆಸರು ಹೇಳುತ್ತಿರಲಿಲ್ಲ, ಆ ಮಟ್ಟಿಗೆ ಮರ್ಯಾದಸ್ಥೆ. ಆದರೆ ಅವನ ನಡಿಗೆಯನ್ನು ಮಾಡಿ ತೋರಿಸುತ್ತಿದ್ದಳು. ಅವಳ ಹತ್ತಿರ ಕಾರು ಕಲಿತ ಡೆಂಟಿಸ್ಟೊಬ್ಬ, ಕಥಾನಾಯಕ ಯಾರೆಂದು ತಿಳಿಯದೆ, ಮಾವನ ಕೆಲಸದ ಕೋಣೆಯಲ್ಲೇ ನಿಂತು ಮಾವನಿಗೇ ಆ ಕಥೆ ಹೇಳಿ ನಕ್ಕ. ನಡಿಗೆಯನ್ನೂ ಮಾಡಿ ತೋರಿಸಿದ.

ಆ ಸಂಜೆ ಮಾವ ಫೋನು ಮಾಡಿ, ನೀನು ಕಲಿಸುವವಳಲ್ಲ, ಬರೀ ಬಯ್ಯುವವಳು ಎಂದ. ನಿನ್ನ ಕೈಗೆ ಹಲ್ಲು ಕೊಡಬಹುದು, ಗೇರು ಕೊಡಬಾರದು ಎಂದಳು ಅಮ್ಮ. ಅದೇ ಕೊನೆಯ ಮಾತು. ಆಮೇಲೆ ಎರಡೂ ಮನೆಗಳ ನಡುವೆ ಸುದ್ದಿ ಸಾಗಿಸುವ ಕೆಲಸ ಅಪ್ಪನ ಪಾಲಿಗೆ ಬಂತು. ಅಪ್ಪ ಲಿಫ್ಟು ರಿಪೇರಿಯವನು. ಯಾರ ಪರವೂ ವಹಿಸದೆ ಹೋಗಿ ಬರುವುದು ಅವನಿಗೆ ಅಭ್ಯಾಸವಾಗಿತ್ತು.

ಮೊದಲ ಎರಡು ದಿನ ಫ್ರೇಮು ಎರಡೂ ಮನೆಗಳಲ್ಲಿ ಹೆಸರು ತಗೊಂಡಿತು. ಸಾವಿರಗಟ್ಟಲೆ ಫೋಟೋ ಹಿಡಿಸುತ್ತದೆ, ಧೂಳು ಒರೆಸಲು ಒಂದೇ ಗಾಜು, ಮೊಳೆ ಹೊಡೆದು ಗೋಡೆ ಕೆಡಿಸಬೇಕಿಲ್ಲ. ಮುಂದೆ ಯಾರಾದರೂ ಹಾದರೆ ತಾನೇ ಬೆಳಗುತ್ತದೆ, ಇಲ್ಲದಿದ್ದರೆ ತಾನೇ ಮಲಗುತ್ತದೆ. ನಮ್ಮ ಮನೆಯಲ್ಲಿ ಇಷ್ಟು ಹೇಳಿದ ಹಾಗೆ ಕೇಳುವ ಪ್ರಾಣಿ ಇನ್ನೊಂದಿರಲಿಲ್ಲ. ಒಂದೇ ತಕರಾರೆಂದರೆ ಅದರ ಬಾಲ. ವೈರು ಮೊಳದುದ್ದ, ಖಾಲಿ ಇದ್ದ ಪ್ಲಗ್ಗು ಫ್ರಿಜ್ಜಿನ ಹಿಂದೆ ಮಾತ್ರ. ಹೀಗಾಗಿ ನಮ್ಮ ವಂಶದ ಇತಿಹಾಸ ಫ್ರಿಜ್ಜಿನ ಮೇಲೆ, ಮೊಟ್ಟೆಯ ಬುಟ್ಟಿಯ ಪಕ್ಕದಲ್ಲಿ ಪ್ರತಿಷ್ಠಾಪನೆಯಾಯಿತು. ಮಾವನ ಮನೆಯಲ್ಲಿ ಅದು ಕೆಳಗಿನ ಕೆಲಸದ ಕೋಣೆಯಲ್ಲಿ, ಸಾಲಾಗಿಟ್ಟ ಪ್ಲಾಸ್ಟರ್ ದವಡೆಗಳ ನಡುವೆ ನಿಂತಿತು.

ಫೋನಿನಲ್ಲಿ ತೆಗೆದ ಫೋಟೋ ತಾನಾಗಿ ಫ್ರೇಮಿಗೆ ಹೋಗುವಂತೆ ಇಬ್ಬರ ಫೋನುಗಳನ್ನೂ ಸರಿಮಾಡಿ ಕೊಟ್ಟಿದ್ದೆ. ಜೋಡಿ ಎಂದರೆ ನಿಜಕ್ಕೂ ಜೋಡಿ, ಒಂದಕ್ಕೆ ಹೋದದ್ದು ಇನ್ನೊಂದಕ್ಕೂ ಹೋಗುತ್ತದೆ ಎಂದು ಒಳಗಿನ ಪುಸ್ತಕದಲ್ಲಿ ಬರೆದಿತ್ತಂತೆ. ಪುಸ್ತಕ ಓದುವವಳಾಗಿದ್ದರೆ ನಾನು ಟಿಕೆಟ್ ಬುಕಿಂಗ್ ಆಫೀಸಿನಲ್ಲಿ ಏಕೆ ಕೂರುತ್ತಿದ್ದೆ?

ಮೂರನೆಯ ದಿನ ಎದುರು ಮನೆಯಾಕೆ ಅಡುಗೆಮನೆಯಲ್ಲಿ ಕೂತು ಅಮ್ಮನ ಜೊತೆ ಹರಟುತ್ತಿದ್ದರು. ಫ್ರೇಮಿನಲ್ಲಿ ಅಮ್ಮನ ಮದುವೆ ಬಂತು, ನಾನು ತೊಟ್ಟಿಲಲ್ಲಿದ್ದದ್ದು ಬಂತು, ಆಮೇಲೆ ಮೇಲಿನ ಹದಿನಾಲ್ಕು ಕೆಳಗಿನ ಹದಿನಾಲ್ಕು ಹಲ್ಲುಗಳ ಪೂರ್ತಿ ಸೆಟ್ಟೊಂದು ಬಂದು ನಕ್ಕಿತು. ಅದರ ಬೆನ್ನಿಗೆ ಗುಲಾಬಿ ಬಣ್ಣದ ಬರೀ ಒಸಡು. ಎದುರು ಮನೆಯಾಕೆ ಕಾಫಿ ಲೋಟ ಕೆಳಗಿಟ್ಟು, ಇದು ನಿಮ್ಮ ಯಜಮಾನರದ್ದಾ ಎಂದು ಮೆಲ್ಲಗೆ ಕೇಳಿದರಂತೆ. ಅಮ್ಮ ಎದ್ದು ಫ್ರಿಜ್ಜಿನ ಹತ್ತಿರ ಹೋದಳು. ಆ ಸೆಟ್ಟಿನ ಕೆಳಗೆ ಹಾಸಿದ್ದ ನೀಲಿ ಚೌಕಳಿಯ ಬಟ್ಟೆ ತನ್ನ ತವರಿನ ಮೇಜಿನದೆಂದು ಅವಳಿಗೆ ಗುರುತು ಸಿಕ್ಕಿತ್ತು.

ಅದೇ ಹೊತ್ತಿಗೆ ಮಾವನ ಕೋಣೆಯಲ್ಲಿ ಅಮ್ಮನ ಶಿಷ್ಯರು ಬೆಳಗುತ್ತಿದ್ದರು. ಪಾಸಾದವರನ್ನು ಲೈಸೆನ್ಸು ಹಿಡಿಸಿ ಕಾರಿನ ಮುಂದೆ ನಿಲ್ಲಿಸಿ ಫೋಟೋ ತೆಗೆಯುವುದು ಅಮ್ಮನ ರೂಢಿ. ಹತ್ತೊಂಬತ್ತರ ಹುಡುಗಿ ಪಾಸು, ಬೇಕರಿಯವನು ಪಾಸು, ಒಂದೇ ಕಣ್ಣು ಸರಿಯಾಗಿ ಕಾಣುವ ಗುಮಾಸ್ತ ಪಾಸು. ಮಾವ ಒಂದೊಂದು ಮುಖವನ್ನೂ ತನಗೆಂದೇ ಹೊಡೆದ ಕಲ್ಲು ಎಂದು ತಿಳಿದ. ಅತ್ತೆ ನನಗೆ ಫೋನು ಮಾಡಿ, “ನಿಮ್ಮ ಮಾವ ಊಟ ಬಿಟ್ಟು ಆ ಪೆಟ್ಟಿಗೆ ಮುಂದೆ ಕೂತಿದ್ದಾರೆ. ಏನು ಮಾಟ ಮಾಡಿಸಿ ಕೊಟ್ಟೆ?” ಎಂದು ಕೇಳಿದರು.

ಆಗ ಪುಸ್ತಕ ತೆಗೆದು ಓದಿದೆ. ಜೋಡಿಯನ್ನು ಬಿಡಿಸುವುದು ಎರಡು ನಿಮಿಷದ ಕೆಲಸ. ಬಿಡಿಸಲಿಲ್ಲ. ಏಕೆಂದು ಕೇಳಿದರೆ ಆಗ ನನಗೆ ದೊಡ್ಡ ಉದ್ದೇಶವೇನೂ ಇರಲಿಲ್ಲ. ನಾಳೆ ಏನು ಬರುತ್ತದೋ ನೋಡೋಣ ಎಂಬ ಕೆಟ್ಟ ಕುತೂಹಲ, ಅಷ್ಟೆ.

ನಾಳೆ ಬಂದದ್ದು ಅಮ್ಮನ ಸ್ಕೂಲಿನ ಕಾರು. ಒಂದು ಚಕ್ರ ಫುಟ್‌ಪಾತಿನ ಮೇಲೆ, ಉಳಿದ ಮೂರು ರಸ್ತೆಯಲ್ಲಿ. ಬಾಗಿಲ ಮೇಲೆ ‘ಇಲ್ಲಿ ಪಾರ್ಕಿಂಗ್ ಚೆನ್ನಾಗಿ ಕಲಿಸಲಾಗುತ್ತದೆ’ ಎಂಬ ಬರಹ. ಮಾವ ಬಸ್ಸಿನಿಂದಿಳಿದು, ಕಾದು ನಿಂತು ತೆಗೆದದ್ದು. ಅಮ್ಮ ಅವತ್ತು ರೊಟ್ಟಿ ಹಿಟ್ಟನ್ನು ನಾದಿದ ಪರಿ ನೋಡಿ ಅಪ್ಪ ಪೇಪರು ಎತ್ತಿಕೊಂಡು ಹಜಾರಕ್ಕೆ ಹೋದ.

ಅಮ್ಮನ ಉತ್ತರಕ್ಕೆ ಎರಡು ದಿನ ಹಿಡಿಯಿತು. ಮಾವನ ಅಂಗಡಿಯ ಬೋರ್ಡು ಬರೆದ ಪೇಂಟರು ‘ಕೃತಕ ಹಲ್ಲು’ ಎನ್ನುವಲ್ಲಿ ಒಂದು ಕೊಂಬು ಹೆಚ್ಚಿಗೆ ಹಾಕಿ ‘ಕೃತಕ ಹುಲ್ಲು’ ಎಂದು ಬರೆದಿದ್ದ. ಮಾವ ಅದರ ಕೆಳಗೆ ಹತ್ತು ವರ್ಷದಿಂದ ಓಡಾಡುತ್ತಿದ್ದರೂ ತಲೆಯೆತ್ತಿ ಓದಿರಲಿಲ್ಲ. ಆಟದ ಮೈದಾನಕ್ಕೆ ಹುಲ್ಲು ಹಾಸಬೇಕೆಂದು ಯಾರೋ ಒಬ್ಬರು ಅಳತೆಪಟ್ಟಿ ಹಿಡಿದು ಬಂದಾಗಲೂ ಅವರಿಗೇ ತಲೆ ಕೆಟ್ಟಿದೆ ಎಂದುಕೊಂಡು ಕಳಿಸಿದ್ದ. ಅಮ್ಮ ಆ ಬೋರ್ಡಿನ ಫೋಟೋ ಹಾಕಿದಳು. ಅರ್ಧ ಗಂಟೆಯಲ್ಲಿ ಮಾವ ಏಣಿ ಹತ್ತಿ ಕೊಂಬು ಕೆರೆಯುತ್ತಿದ್ದನೆಂದು ಅತ್ತೆಯ ವರದಿ.

ಆಮೇಲೆ ಇಬ್ಬರಿಗೂ ನಾಚಿಕೆ ಬಿಟ್ಟಿತು. ಮಾವ, ಹೇನಿನ ಕಾಟಕ್ಕೆ ಒಂಬತ್ತು ವರ್ಷದ ಅಮ್ಮನ ತಲೆಗೂದಲನ್ನು ಮನೆಯವರು ಬುಡಮಟ್ಟ ಕತ್ತರಿಸಿದ್ದ ಕಾಲದ ಫೋಟೋ ಹುಡುಕಿ ಹಾಕಿದ. ಅಮ್ಮ, ಸ್ಟುಡಿಯೋದ ಆಟಿಕೆ ಕಾರಿನಲ್ಲಿ ಕೂರಿಸಿದ್ದಕ್ಕೆ ಮಾವ ಬಾಯಿ ಬಿಟ್ಟು ಅಳುತ್ತಿದ್ದ ಫೋಟೋ ಹಾಕಿದಳು. ಫ್ರೇಮಿನಲ್ಲಿ ಅಕ್ಷರ ಬರೆಯುವ ಸೌಕರ್ಯ ಇರಲಿಲ್ಲ. ಅಮ್ಮ ಅದಕ್ಕೂ ಉಪಾಯ ಕಂಡುಕೊಂಡಳು: ಹಾಲಿನ ಚೀಟಿಯ ಹಿಂದೆ ‘ಆಗಲೂ ಸ್ಟಾರ್ಟ್ ಆಗಿರಲಿಲ್ಲ’ ಎಂದು ಬರೆದು, ಚೀಟಿಯದೇ ಫೋಟೋ ತೆಗೆದಳು. ಮಾವ ಪ್ಲಾಸ್ಟರ್ ದವಡೆಯ ಮೇಲೆ ಪೆನ್ಸಿಲ್ಲಿನಿಂದ ‘ಕೂದಲು ಬಂತು, ಬುದ್ಧಿ ಬರಲಿಲ್ಲ’ ಎಂದು ಬರೆದು ಕಳಿಸಿದ. ಒಂದು ವಾರದಲ್ಲಿ ನಮ್ಮ ಫ್ರಿಜ್ಜಿನ ಮೇಲೆ ಹಳೆಯ ಫೋಟೋಗಿಂತ ಚೀಟಿಗಳೇ ಜಾಸ್ತಿ. ಮಾತು ಬಿಟ್ಟವರು ದಿನಕ್ಕೆ ಹದಿನೈದು ಸಲ ಮಾತಾಡುತ್ತಿದ್ದರು, ಆದರೆ ಮಾತು ಬಿಟ್ಟಿದ್ದೇವೆ ಎಂಬ ಠೀವಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಹೀಗಿರುವಾಗ ಒಂದು ಶುಕ್ರವಾರ, ಹೊಸದಾಗಿ ಕಲಿಯುತ್ತಿದ್ದ ಟೈಲರೊಬ್ಬರು ಅಡ್ಡ ಬಂದ ಪಾರಿವಾಳಕ್ಕೆ ಜೀವದಾನ ಮಾಡಲು ಇದ್ದಕ್ಕಿದ್ದಂತೆ ಬ್ರೇಕು ಒತ್ತಿದರು. ಅಮ್ಮ ಸೀಟ್‌ಬೆಲ್ಟ್ ಹಾಕಿರಲಿಲ್ಲ. ಮೂವತ್ತು ವರ್ಷ ಅದರ ಬಗ್ಗೆ ಉಪದೇಶ ಮಾಡಿದವಳು, ಪಕ್ಕದಲ್ಲಿ ನುಗ್ಗಿದ ಬೈಕಿನವನಿಗೆ ಕಿಟಕಿಯಿಂದ ಅರ್ಧ ಹೊರಗೆ ಬಗ್ಗಿ ಬಯ್ಯಲಿಕ್ಕೆಂದು ಆಗಷ್ಟೇ ಬಿಚ್ಚಿ, ಬಯ್ದು ಮುಗಿಸಿ ಒಳಗೆ ಬಂದಿದ್ದಳು. ಬಾಯಿ ಹೋಗಿ ಡ್ಯಾಶ್‌ಬೋರ್ಡಿಗೆ ಬಡಿಯಿತು. ಪಾರಿವಾಳ ಉಳಿಯಿತು, ಮೇಲಿನ ಎರಡು ಮುಂದಿನ ಹಲ್ಲು ಹೋದವು.

ತುಟಿಯ ಗಾಯ ನಾಲ್ಕು ದಿನದಲ್ಲಿ ಒಣಗಿತು. ಆದರೆ ಅಮ್ಮ ಮನೆಯಲ್ಲಿ ಬಾಯಿಗೆ ಕರ್ಚೀಫು ಕಟ್ಟಿಕೊಂಡು ಓಡಾಡತೊಡಗಿದಳು. ಕ್ಲಾಸಿಗೆ ಹೋದರೆ ‘ಸ್ಟೀರಿಂಗ್’ ಎನ್ನಲು ಹೋಗಿ ಸಿಳ್ಳೆ ಬರುತ್ತಿತ್ತು; ಹಿಂದಿನ ಸೀಟಿನಲ್ಲಿದ್ದ ಇಬ್ಬರು ಹುಡುಗಿಯರು ನಕ್ಕರಂತೆ. ಇಡೀ ಊರನ್ನು ಬಯ್ದು ರಸ್ತೆಗೆ ತಂದವಳಿಗೆ ಬಯ್ಯಲಿಕ್ಕೇ ಆಗದೆ ಹೋದದ್ದು ಎಷ್ಟು ನೋವು ಕೊಟ್ಟಿತೆಂದರೆ, ಒಂದು ಮಧ್ಯಾಹ್ನ ಅವಳು ಸಿಂಕಿನ ಮುಂದೆ ನಿಂತು ಸದ್ದಿಲ್ಲದೆ ಅಳುವುದನ್ನು ನೋಡಿದೆ. ನಾನು ನೋಡಿಲ್ಲವೆಂಬಂತೆ ಹೊರಗೆ ಹೋದೆ. ಅಂಥ ವಿಷಯದಲ್ಲಿ ನಮ್ಮ ಮನೆಯವರೆಲ್ಲ ಒಂದೇ ಅಚ್ಚು.

ಡೆಂಟಿಸ್ಟು ಬಾಯಿಯ ಫೋಟೋ ತೆಗೆದು ಕಳಿಸಲು ಹೇಳಿದ್ದರು. ಅಮ್ಮ ಬಚ್ಚಲ ಕನ್ನಡಿಯ ಮುಂದೆ ತುಟಿ ಎತ್ತಿ ಹಿಡಿದು ಮೂರು ಫೋಟೋ ತೆಗೆದು ಕಳಿಸಿದಳು. ಫ್ರೇಮಿನ ನೆನಪೇ ಅವಳಿಗಿರಲಿಲ್ಲ.

ಮುಂದಿನದು ಅತ್ತೆ ಹೇಳಿದ್ದು. ಮಾವ ಮೇಣ ಕರಗಿಸುತ್ತ ಕೂತಿದ್ದನಂತೆ. ಫ್ರೇಮು ಬೆಳಗಿತು. ಅಂಗೈಯಗಲದ ಬಾಯಿ, ನಡುವೆ ಕತ್ತಲು. ದಿನವಿಡೀ ಊರವರ ಬಾಯಿ ನೋಡುವವನು ಅವನು. ಅವನಿಗೆ ಬಾಯಿಗಳು ಕಂಡಕ್ಟರಿಗೆ ಬಸ್ಸಿನ ಟಿಕೆಟ್ಟಿದ್ದ ಹಾಗೆ. ಆದರೂ ಇದನ್ನು ಕಂಡು ಎದ್ದು ನಿಂತು, ಅಕ್ಕನ ಬಾಯಿ ಎಂದನಂತೆ. ಎಡಗಡೆಯ ಕೋರೆಹಲ್ಲು ಸ್ವಲ್ಪ ತಿರುಗಿಕೊಂಡಿರುವುದು ಅವರಿಬ್ಬರಿಗೂ ಒಂದೇ ಥರ. ಮೇಣ ಹೊತ್ತಿ ಹೋಯಿತು. ಮಾವ ಬಣ್ಣ ನೋಡುವ ಪಟ್ಟಿ ತೆಗೆದ. ಅದೊಂದು ಸಣ್ಣ ತಗಡಿನ ಪಟ್ಟಿ, ಅದರಲ್ಲಿ ಹದಿನಾರು ಮಾದರಿ ಹಲ್ಲುಗಳು ಬಿಳುಪಿನಿಂದ ಕಂದಿನವರೆಗೆ ಸಾಲಾಗಿ ಜೋಡಿಸಿರುತ್ತವೆ. ಒಂದೊಂದನ್ನೇ ಫ್ರೇಮಿನ ಗಾಜಿಗೆ ಹಿಡಿದು ನೋಡಿದ. ಒಂದೂ ಹೊಂದಲಿಲ್ಲ. ಆ ಫ್ರೇಮಿನಲ್ಲಿ ಬಿಳಿಯದೆಲ್ಲ ತಿಳಿನೀಲಿಯಾಗಿ ಕಾಣುತ್ತಿತ್ತು. ಕೊಂಡ ದಿನದಿಂದಲೂ ಅದರ ದೋಷ ಅದು. ಹೊರಗಿನ ಬೆಳಕಿನಲ್ಲಿ, ಬಾಯಿಯ ಎದುರಿಗೇ ಹೋಗಿ ನೋಡದೆ ಗತಿಯಿರಲಿಲ್ಲ. ಪಟ್ಟಿಯನ್ನು ಶರ್ಟಿನ ಜೇಬಿಗೆ ಹಾಕಿಕೊಂಡು ಎರಡು ಬಸ್ಸು ಬದಲಾಯಿಸಿ ಬಂದ.

ಬಾಗಿಲು ತೆಗೆದವಳು ನಾನು. ಮಾವ ನನ್ನನ್ನು ಮಾತಾಡಿಸದೆ ನೇರ ಅಡುಗೆಮನೆಗೆ ನಡೆದ. ಅಮ್ಮ ಕಿಟಕಿಯ ಹತ್ತಿರ ಕೂತು ಕಾಳು ಆರಿಸುತ್ತಿದ್ದಳು, ಬಾಯಿಗೆ ಕರ್ಚೀಫು. ಆರು ವರ್ಷದ ಮೇಲೆ ಎದುರುಬದುರಾಗಿ ಮಾವ ಆಡಿದ ಮೊದಲ ಮಾತು:

“ಬಾಯಿ ತೆಗಿ.”

ಅಮ್ಮ ತೆಗೆಯಲಿಲ್ಲ. ಪಕ್ಕದಲ್ಲಿದ್ದ ಚೀಟಿ ಎಳೆದುಕೊಂಡು ‘ಯಾರು ಕರೆದರು?’ ಎಂದು ಬರೆದು ಅವನತ್ತ ತಳ್ಳಿದಳು.

ಮಾವ ಓದಿದ. “ಯಾರೂ ಕರೀಲಿಲ್ಲ. ಆ ಪೆಟ್ಟಿಗೇಲಿ ನಿನ್ನ ಹಲ್ಲು ನೀಲಿ ಕಾಣುತ್ತೆ. ನಿಂದು ಹಳದಿ ಅಂತ ನಂಗೊತ್ತು. ಎಷ್ಟು ಹಳದಿ ಅಂತ ನೋಡೋಕೆ ಬಂದೆ.”

ಅಮ್ಮ ಕರ್ಚೀಫು ಕಿತ್ತೆಸೆದು ಬಯ್ಯಲು ಬಾಯಿ ತೆರೆದಳು. ತೆರೆದದ್ದೇ ತಡ, ಮಾವ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ಪಟ್ಟಿಯನ್ನು ಹಲ್ಲಿಗೆ ಆನಿಸಿಬಿಟ್ಟ. ಬಾಯಿಯಲ್ಲಿ ತಗಡು ಇಟ್ಟುಕೊಂಡು ಬಯ್ಯುವ ವಿದ್ಯೆ ಅಮ್ಮನಿಗೂ ಗೊತ್ತಿರಲಿಲ್ಲ. ಅವಳು ಮೂಗಿನಿಂದ ಏನೇನೋ ಹೇಳಿದಳು. ಮಾವ ಅಲ್ಲಾಡಬೇಡ ಎಂದ. ಹದಿನಾರನ್ನೂ ನೋಡಿದ, ಮತ್ತೆ ಮೊದಲಿನಿಂದ ನೋಡಿದ. ಕೊನೆಗೆ ಪಟ್ಟಿಯನ್ನು ಒರೆಸಿ ಜೇಬಿಗಿಟ್ಟುಕೊಂಡು, ನನ್ನ ಕಡೆ ತಿರುಗಿ, ಹನ್ನೊಂದನೇ ನಂಬರು ಎಂದು ಬರೆದಿಟ್ಟುಕೋ ಎಂದ. ಕಾಫಿ ಕುಡಿದು ಹೋಗು ಎಂದು ಅಮ್ಮ ಚೀಟಿಯಲ್ಲಿ ಬರೆದಳು. ಮಾವ ಅದನ್ನು ಓದಿ, ಮಡಿಸಿ, ಪಟ್ಟಿಯ ಜೊತೆಗೆ ಇಟ್ಟುಕೊಂಡ. ಕಾಫಿ ಕುಡಿದ. ಕುಡಿಯುವಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ, ಫ್ರೇಮನ್ನು ನೋಡಿದರು. ಅದರಲ್ಲಿ ಆಗ ಅಮ್ಮನ ಬಾಯಿಯೇ ಬರುತ್ತಿತ್ತು, ಮೂರು ಕೋನದಿಂದ.

ಹತ್ತು ದಿನಕ್ಕೆ ಎರಡು ಹಲ್ಲಿನ ಸಣ್ಣ ಸೆಟ್ಟು ತಯಾರಾಯಿತು. ಡೆಂಟಿಸ್ಟಿನ ಕ್ಲಿನಿಕ್ಕಿಗೆ ಅಮ್ಮನ ಜೊತೆ ನಾನೂ ಹೋದೆ. ಆ ಡೆಂಟಿಸ್ಟು ಬೇರೆ ಯಾರೂ ಅಲ್ಲ, ಅದೇ ನಡಿಗೆ ಮಾಡಿ ತೋರಿಸಿದ್ದ ಮಹಾನುಭಾವರು. ಇಷ್ಟು ಹೊತ್ತಿಗೆ ಅವರಿಗೆ ಎಲ್ಲ ಗೊತ್ತಾಗಿತ್ತು. ಸೆಟ್ಟು ಕೂರಿಸಿ, ಉಳಿದದ್ದು ನೀವು ನೋಡಿಕೊಳ್ಳಿ ಎಂದು ಮಾವನಿಗೆ ಒಪ್ಪಿಸಿ, ಅವರು ಮೂಲೆಯಲ್ಲಿ ಕೈ ತೊಳೆಯುವುದರಲ್ಲಿ ಮಗ್ನರಾದರು. ಅಷ್ಟು ಹೊತ್ತು ಕೈ ತೊಳೆದವರನ್ನು ನಾನು ನೋಡಿಲ್ಲ.

ಹೊಸ ಹಲ್ಲು ಕೂತ ಮೇಲೆ ‘ಸ’ಕಾರ ಸರಿ ಬರುತ್ತದೋ ಇಲ್ಲವೋ ಎಂದು ನೋಡುವುದು ಆ ಕಸುಬಿನ ಕ್ರಮ. ಮಾವ ಸ್ಟೂಲು ಎಳೆದುಕೊಂಡು ಕೂತು, ‘ಸ’ ಬರುವ ಮಾತು ಏನಾದರೂ ಹೇಳು ಎಂದ.

ಕುರ್ಚಿಯಲ್ಲಿ ಒರಗಿದ್ದ ಅಮ್ಮ ಸೂರು ನೋಡುತ್ತ ಕ್ಷಣ ಯೋಚಿಸಿದಳು. “ಸಾವಿರ ಸಲ ಹೇಳಿದ್ದೆ, ಸಿಗ್ನಲ್ ಹತ್ರ ಸೆಕೆಂಡ್ ಗೇರಿಗೆ ಬಾ ಅಂತ. ಸರ್ಕಲ್ಲಲ್ಲಿ ಸತ್ತ ಹಾಗೆ ನಿಲ್ಲಿಸಿ, ಸೊಕ್ಕಿಂದ ಇಳಿದು ಹೋದೆ. ಸೀಟಿಂದ ಸೀಟಿಗೆ ಹಾರಿ ಆ ಕಾರು ಸರಿಸೋಕೆ ಎಷ್ಟು ಸಂಕಟ ಆಯ್ತು ಗೊತ್ತಾ ನಿಂಗೆ?”

ಉದ್ದಕ್ಕೂ ಸಿಳ್ಳೆ. ಮಾವ ಕಿವಿ ಅವಳ ಬಾಯಿಯತ್ತ ವಾಲಿಸಿ, ಕಣ್ಣು ಮುಚ್ಚಿ ಕೇಳಿದ. ಮಾತಿನ ಅರ್ಥ ಅವನ ತಲೆಗೆ ಹೋದಂತೆಯೇ ಕಾಣಲಿಲ್ಲ. ಸೆಟ್ಟು ತೆಗೆದ, ಅಂಚನ್ನು ಅರದಿಂದ ತೀಡಿದ, ಮತ್ತೆ ಕೂರಿಸಿದ. ಇನ್ನೊಮ್ಮೆ ಅಂದ. ಅಮ್ಮ ಇನ್ನೊಮ್ಮೆ ಅಷ್ಟನ್ನೂ ಹೇಳಿದಳು. ಸಿಳ್ಳೆ ಅರ್ಧ ಇಳಿದಿತ್ತು, ಸಿಟ್ಟೂ. ಮತ್ತೆ ತೀಡಿದ. ಮೂರನೆಯ ಸಲ ಅವಳು ಸಿಗ್ನಲ್ ತನಕ ಬಂದು ನಿಂತಳು. ಬೈಗುಳವನ್ನು ಮೂರು ಸಲ ಬಾಯಿಪಾಠದ ಹಾಗೆ ಒಪ್ಪಿಸುವುದು ಅವಳಂಥವಳಿಗೂ ಕಷ್ಟ.

“ಸರಿ,” ಎಂದಳು. “ಸ್ವಲ್ಪ ತಪ್ಪು ನಂದೂ ಇತ್ತು. ಅದನ್ನ ಎಲ್ಲರ ಮುಂದೆ ಆಡಿ ತೋರಿಸಬಾರ್ದಿತ್ತು.”

ಮೂಲೆಯಲ್ಲಿ ನಲ್ಲಿ ನಿಂತಿತು. ಮಾವ ಕಣ್ಣು ತೆರೆಯಲಿಲ್ಲ.

“‘ಸ್ವಲ್ಪ’ದಲ್ಲಿ ಇನ್ನೂ ಗಾಳಿ ಹೋಗ್ತಿದೆ,” ಎಂದ. “ಇನ್ನೊಂದ್ಸಲ ಹೇಳು.”

ಅಮ್ಮ ಇನ್ನೊಂದು ಸಲ ಹೇಳಿದಳು. ನನ್ನ ಕಿವಿಗೆ ಗಾಳಿಯೂ ಕೇಳಲಿಲ್ಲ, ಮಳೆಯೂ ಕೇಳಲಿಲ್ಲ; ‘ಸ’ ಗಾಜಿನಷ್ಟು ಸ್ವಚ್ಛವಾಗಿತ್ತು. ಮಾವ ಮಾತ್ರ ತಲೆ ಆಡಿಸಿ, ಅರವನ್ನು ಮುಟ್ಟದೆಯೇ, ಅವಳಿಂದ ಆ ವಾಕ್ಯವನ್ನು ನಾಲ್ಕು ಸಲ ಹೇಳಿಸಿದ. ನಾಲ್ಕನೆಯದರಲ್ಲಿ ಅಮ್ಮನಿಗೆ ಅವನ ಆಟ ಗೊತ್ತಾಗಿ, ಕುರ್ಚಿಯಿಂದಲೇ ಕಾಲು ಚಾಚಿ ಅವನ ಸ್ಟೂಲಿಗೆ ಒದ್ದಳು. ಚಕ್ರದ ಸ್ಟೂಲು. ಮಾವ ಹಿಂದಕ್ಕೆ ಜಾರುತ್ತ ಜಾರುತ್ತ ಗೋಡೆಗೆ ಹೋಗಿ ನಿಂತ, ನಗು ತಡೆಯಲಾರದೆ ಕಣ್ಣೊರೆಸಿಕೊಂಡ. ಇವನಿಗೆ ಇದನ್ನೂ ನಿಲ್ಲಿಸೋಕೆ ಬರಲ್ಲ ಎಂದು ಅಮ್ಮ ಡೆಂಟಿಸ್ಟಿಗೆ ಹೇಳಿದಳು. ಬಾಯಲ್ಲಿ ಎರಡು ಹೊಸ ಹಲ್ಲು, ಒಂದು ‘ಸ’ವೂ ಕೆಡಲಿಲ್ಲ.

ಎಲ್ಲ ಸುಖಾಂತವಾದ ಉಮೇದಿನಲ್ಲಿ ನಾನು ಹೊರಗೆ ಬಂದ ಮೇಲೆ ಬಾಯಿ ಬಿಟ್ಟೆ: ಜೋಡಿಯನ್ನು ಬಿಡಿಸುವುದು ನನಗೆ ಮೊದಲ ವಾರವೇ ಗೊತ್ತಿತ್ತೆಂದೂ, ಬೇಕೆಂದೇ ಸುಮ್ಮನಿದ್ದೆನೆಂದೂ. ಹೊಗಳಿಕೆ ಬರುತ್ತದೆಂದು ಕಾದೆ. ಇಬ್ಬರೂ ಫುಟ್‌ಪಾತಿನ ಮೇಲೆ ನಿಂತು ಒಂದೇ ಉಸಿರಿನಲ್ಲಿ ನನ್ನನ್ನು ಬಯ್ದರು. ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಹಿಡಿದರು. ಇವಳಿಗೆ ಚಿಕ್ಕಂದಿನಿಂದಲೂ ಹೀಗೇ ಕಿಡಿಗೇಡಿ ಬುದ್ಧಿ ಎಂದು ಅಮ್ಮ, ನೀನು ಮುದ್ದು ಮಾಡಿ ಕೆಡಿಸಿದೆ ಎಂದು ಮಾವ. ಆರು ವರ್ಷದಲ್ಲಿ ಅವರು ಒಪ್ಪಿಕೊಂಡ ಮೊದಲ ವಿಷಯ ನನ್ನ ಅಯೋಗ್ಯತೆ.

ಆ ರಾತ್ರಿಯೇ ಜೋಡಿ ಬಿಡಿಸಿದೆ. ಈಗ ಅವರು ಫೋನಿನಲ್ಲೇ ಮಾತಾಡುತ್ತಾರೆ, ಬೆಳಿಗ್ಗೆ ಒಂದು ಸಲ ಸಂಜೆ ಒಂದು ಸಲ, ಎರಡು ಸಲವೂ ಜಗಳ. ಹಲ್ಲು ಎಡಕ್ಕೆ ಒತ್ತುತ್ತದೆ ಎಂದು ಅಮ್ಮ, ನಿನ್ನ ದವಡೆಯೇ ಸೊಟ್ಟ ಎಂದು ಮಾವ. ಮಾವನ ಕೋಣೆಯ ಫ್ರೇಮನ್ನು ಅತ್ತೆ ಕಿತ್ತಿಟ್ಟು ಆ ಪ್ಲಗ್ಗಿಗೆ ಟೇಬಲ್ ಫ್ಯಾನು ಹಾಕಿಕೊಂಡಿದ್ದಾರೆ. ಬೇಸಿಗೆಯಲ್ಲಿ ಇತಿಹಾಸಕ್ಕಿಂತ ಗಾಳಿ ಮುಖ್ಯ ಎನ್ನುತ್ತಾರೆ. ನಮ್ಮದಿನ್ನೂ ಫ್ರಿಜ್ಜಿನ ಮೇಲಿದೆ. ಮೊನ್ನೆ ಅಪ್ಪ ಅದರ ಮುಂದೆ ತುಂಬ ಹೊತ್ತು ನಿಂತಿದ್ದ. ಏನಪ್ಪಾ ಎಂದು ಕೇಳಿದೆ. ಮುನ್ನೂರು ಫೋಟೋ ನೋಡಿದೆ, ಮದುವೆಯದು ಬಿಟ್ಟು ಒಂದರಲ್ಲಾದರೂ ನಾನಿದ್ದೀನಾ ಎಂದು ಕೇಳಿದ. ಹುಡುಕಿದೆವು. ಎರಡು ಸಿಕ್ಕವು. ಒಂದರಲ್ಲಿ ಬರೀ ಮೊಣಕೈ ಇತ್ತು, ಆದರೆ ಅದು ತನ್ನದೇ ಎಂದು ಅಪ್ಪ ಖಚಿತವಾಗಿ ಹೇಳಿದ.